ತಾರೀಖು ಹುಡುಕುವ ಸೂತ್ರ ಏಕೆ ತಪ್ಪುತ್ತದೆ?

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರ ತಂದೆತಾಯಿಗಳು ಕುಪವಾಡ ಎಂಐಡಿಸಿಯಲ್ಲಿ ದುಡಿಯುತ್ತಾರೆ. ಹಾಜರಿ ಪುಸ್ತಕದ ಲೆಕ್ಕ ಇಂದು ಎಷ್ಟೋ ಕಡೆ ಗಣಕಯಂತ್ರದ ಎಕ್ಸೆಲ್ ಕೋಷ್ಟಕಕ್ಕೆ ಬಂದಿದೆ. ತಾರೀಖು ಕೊಟ್ಟರೆ ಆ ದಿನದ ಹಾಜರಿಯನ್ನು ಹುಡುಕಿ ತರುವ ಸೂತ್ರಗಳಲ್ಲಿ ‘ವಿಲುಕಪ್’ ಒಂದು. ಅದು ತಪ್ಪಿದರೆ ಒಂದು ದಿನದ ಪಗಾರವೇ ತಪ್ಪೀತು. ಆದ್ದರಿಂದ ಅದನ್ನು ಸರಿಪಡಿಸುವ ಕ್ರಮವನ್ನು ನಾವು ಕಲಿಯೋಣ.

ಎಕ್ಸೆಲ್‌ಗೆ ತಾರೀಖೆಂದರೆ ಒಂದು ಸಂಖ್ಯೆ. 1900ರ ಜನವರಿ 1 ಎಂದರೆ 1. ಅಲ್ಲಿಂದ ದಿನಕ್ಕೊಂದರಂತೆ ಏರುತ್ತ 1947ರ ಆಗಸ್ಟ್ 15ಕ್ಕೆ 17394, 2025ರ ಜೂನ್ 5ಕ್ಕೆ 45813 ಆಗುತ್ತದೆ. ನೀವೇ ಎಣಿಸಿದರೆ ಒಂದು ಕಡಿಮೆ ಬರುತ್ತದೆ. 1900 ಅಧಿಕ ವರ್ಷವಲ್ಲದಿದ್ದರೂ ಎಕ್ಸೆಲ್ ಹಾಗೆಂದೇ ಎಣಿಸುವುದು ಇದಕ್ಕೆ ಕಾರಣ.

ಇನ್ನು ಪರೀಕ್ಷೆಗಳು.

1. ತಾರೀಖು ಸಂಖ್ಯೆಯೋ ಬರಿಯ ಅಕ್ಷರವೋ ನೋಡಿರಿ. ಆ ಮನೆಯ ರೂಪವನ್ನು ‘ಜನರಲ್’ ಎಂದು ಬದಲಿಸಿದಾಗ 45813 ಕಂಡರೆ ಸಂಖ್ಯೆ. ತಾರೀಖೇ ಉಳಿದರೆ ಅಕ್ಷರ. ಅಕ್ಷರವೂ ಸಂಖ್ಯೆಯೂ ಒಂದಕ್ಕೊಂದು ಹೊಂದುವುದಿಲ್ಲ.

2. ವೇಳೆ ಸೇರಿದೆಯೇ ನೋಡಿರಿ. ಬೆಳಿಗ್ಗೆ 6 ಗಂಟೆಗೆ ಪಾಳಿಗೆ ಬಂದವರ ದಾಖಲೆ 45813.25 ಆಗಿರುತ್ತದೆ. ಅದು 45813ಕ್ಕೆ ಸಮವಲ್ಲ. ‘ಇಂಟ್’ ಸೂತ್ರದಿಂದ ದಶಾಂಶವನ್ನು ತೆಗೆಯಬೇಕು.

3. ಸೂತ್ರದ ಕೊನೆಯ ಸ್ಥಾನದಲ್ಲಿ ‘ಫಾಲ್ಸ್’ ಎಂದು ಬರೆಯಿರಿ. ಬಿಟ್ಟರೆ ಅದು ಸರಿಯಾದ ತಾರೀಖು ಸಿಗದಾಗ ಹಿಂದಿನ ತಾರೀಖಿನ ಉತ್ತರ ತಂದೀತು. ಪಟ್ಟಿ ಏರಿಕೆಯ ಕ್ರಮದಲ್ಲಿ ಇಲ್ಲದಿದ್ದರೆ ಯಾವುದನ್ನು ತಂದೀತೆಂದು ಹೇಳಲಾಗದು.

4. ದಿನ-ತಿಂಗಳು ಅದಲುಬದಲಾಗಿವೆಯೇ ನೋಡಿರಿ. ನಾವು 05-06-2025 ಎಂದು ಬರೆದುದು ಜೂನ್ 5. ಅಮೆರಿಕದ ರೂಢಿಗೆ ಹೊಂದಿಸಿದ ಯಂತ್ರ ಅದನ್ನು ಮೇ 6 ಎಂದು ಓದುತ್ತದೆ. 15-06-2025 ಬರೆದರೆ, 15ನೆಯ ತಿಂಗಳು ಇಲ್ಲವಾದ್ದರಿಂದ, ಅಕ್ಷರವೆಂದು ಬಿಟ್ಟುಬಿಡುತ್ತದೆ. ತಿಂಗಳ ಹೆಸರನ್ನೇ ಬರೆದರೆ ಈ ಗೊಂದಲವಿಲ್ಲ.

ಇವುಗಳಲ್ಲಿ ಯಾವ ತಪ್ಪು ಹೆಚ್ಚು ಅಪಾಯಕರ? ‘ಸಿಗಲಿಲ್ಲ’ ಎಂದು ಯಂತ್ರ ಹೇಳಿದರೆ ನಾವು ಹುಡುಕುತ್ತೇವೆ. ಬೇರೆ ದಿನದ ಉತ್ತರವನ್ನು ಸದ್ದಿಲ್ಲದೆ ಕೊಟ್ಟರೆ ನಂಬಿಬಿಡುತ್ತೇವೆ. ಆದ್ದರಿಂದ ನಿಮಗೆ ಗೊತ್ತಿರುವ ಎರಡು ತಾರೀಖುಗಳನ್ನು, ಒಂದು 12ರ ಒಳಗಿನದು, ಇನ್ನೊಂದು 12 ದಾಟಿದ್ದು, ಕೊಟ್ಟು ಉತ್ತರವನ್ನು ಪರೀಕ್ಷಿಸಿರಿ. ಪಾಲಕರೂ ಪಗಾರ ಚೀಟಿಯ ದಿನಗಳನ್ನು ಗೋಡೆಯ ಕ್ಯಾಲೆಂಡರಿನೊಡನೆ ತಾಳೆ ನೋಡುವುದು ಒಳ್ಳೆಯದು. ಯಂತ್ರ ಎಣಿಸಲಿ, ಸರಿಯೇ ಎಂದು ಕೇಳುವ ಕೆಲಸ ನಮ್ಮದು.