ಥಂಡಿಯ ಮೂರು ತಿಂಗಳು, ಒಂದು ಕೌದಿ

ಕಲಬುರಗಿಯಲ್ಲೂ ಚಳಿಗಾಲ ಅಂತ ಒಂದಿದೆಯೇ ಎಂದು ನಮ್ಮ ಬೆಂಗಳೂರಿನ ಬೀಗರು ಪ್ರತಿ ಸಲ ನಗುತ್ತಾರೆ. ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲು ಉಂಡವರಿಗೆ ಡಿಸೆಂಬರಿನ ನಸುಕಿನ 12-13 ಡಿಗ್ರಿ ಹೇಗೆ ತಾಗುತ್ತದೆಂದು ಅವರಿಗೇನು ಗೊತ್ತು! ನಮ್ಮ ಮನೆಗಳೆಲ್ಲ ಬಿಸಿಲಿಗೆಂದೇ ಕಟ್ಟಿದವು. ನೆಲಕ್ಕೆ ಶಹಾಬಾದಿನ ಫರ್ಸಿ. ಬೇಸಿಗೆಯಲ್ಲಿ ಅದರ ಮೇಲೆ ಚಾಪೆಯಿಲ್ಲದೆ ಮಲಗಿದರೆ ಸ್ವರ್ಗ. ಥಂಡಿಯಲ್ಲಿ ಅದೇ ಫರ್ಸಿಯ ತಣ್ಣಗು ಅಂಗಾಲಿನಿಂದ ಮೊಳಕಾಲಿಗೆ ಏರುತ್ತದೆ.

2022ರ ದೀಪಾವಳಿ ಮುಗಿದ ವಾರಕ್ಕೆ, ಕಮಲಾಪುರದ ಮನೆಯಲ್ಲಿ ಒದ್ದೆ ಫರ್ಸಿಯ ಮೇಲೆ ಅವ್ವ ಜಾರಿ ಬಿದ್ದಳು. ತೊಡೆಯ ಎಲುಬು ಮುರಿಯಿತು. ಕಲಬುರಗಿಗೆ ಕರೆತಂದು ಆಪರೇಶನ್ ಮಾಡಿಸಿದೆವು. ಮೂರು ತಿಂಗಳು ಮೆಟ್ಟಿಲು ಹತ್ತಿ ಇಳಿಯುವಂತಿಲ್ಲ ಎಂದರು ಡಾಕ್ಟರು. ನನ್ನ ಮನೆ ಎರಡನೇ ಮಹಡಿಯಲ್ಲಿ. ಎಂಬತ್ತೊಂದು ವರ್ಷದ ಅವ್ವ, ಹೊಲ ಅಂಗಳ ಕಟ್ಟೆ ಎಂದು ತಿರುಗಾಡಿದವಳು, ಒಂದು ಮಂಚ ಒಂದು ಕಿಟಕಿಗೆ ಬಂದು ನಿಂತಳು. ಹೈಸ್ಕೂಲಿನ ಕನ್ನಡ ಮಾಸ್ತರಿಕೆಯಿಂದ ನಾನು ನಿವೃತ್ತಳಾಗಿ ಆಗಿನ್ನೂ ಒಂದು ವರ್ಷ. ಮೂವತ್ತು ವರ್ಷ ಮಕ್ಕಳನ್ನು ಕೂಡಿಸಿಕೊಂಡವಳಿಗೆ ಒಬ್ಬ ಮುದುಕಿಯ ಬ್ಯಾಸರ ಕಳೆಯುವುದು ಏನು ಮಹಾ ಎಂದುಕೊಂಡೆ.

ಮೊದಲ ತಪ್ಪು ದುಡ್ಡಿನದು. ದೊಡ್ಡ ಟಿವಿ ತಂದೆ. ಸಿನಿಮಾ ತೋರಿಸುವ ಆ್ಯಪ್ ಒಂದಕ್ಕೆ ವರ್ಷದ ಚಂದಾ ಕಟ್ಟಿದೆ. ಎರಡು ಸಲ ದುಡ್ಡು ಕಡಿತವಾಯಿತು, ತಿರುಗಿ ಬರಲು ಸಂಕ್ರಾಂತಿ ದಾಟಿತು. ಅದು ಹೋಗಲಿ. ಅವ್ವ ಟಿವಿ ಮುಂದೆ ಹತ್ತು ನಿಮಿಷ ಕೂಡುತ್ತಿರಲಿಲ್ಲ. ಕಂಪನಿ ನಾಟಕ ಹಚ್ಚಿಕೊಟ್ಟೆ. ಜಾತ್ರೆಯಲ್ಲಿ ರಾತ್ರಿಯಿಡೀ ಕೂತು ನೋಡಿದ ಹೆಂಗಸು, ಇಲ್ಲಿ ಅರ್ಧ ತಾಸಿಗೆ ಮಗ್ಗಲು ಬದಲಿಸಿದಳು. “ಮಂದಿ ನಗೂದು ಕೇಳಸಂಗಿಲ್ಲ, ನಾ ಒಬ್ಬಾಕಿ ಯಾನ್ ನಗ್ಲಿ?” ಎಂದಳು. ಕೊನೆಗೊಂದು ದಿನ ಕೈಯೆರಡನ್ನೂ ಮುಂದೆ ಚಾಚಿ ನನಗೆ ತೋರಿಸಿದಳು. “ಇವು ಖಾಲಿ ಅದಾವ. ಅದಕ್ಕ ಬ್ಯಾಸರ.”

ಆ ಮಾತು ನನಗೆ ಗೊತ್ತಿರಬೇಕಾಗಿತ್ತು. ನಮ್ಮ ಕಡೆ ಚಳಿಗಾಲವೆಂದರೆ ಸುಗ್ಗಿ. ಮಲೆನಾಡಿನವರಿಗೆ ಮಳೆಗಾಲದಲ್ಲಿ ಮನೆಯೊಳಗೆ ಕೂತು ತಾಳಮದ್ದಲೆ ಕೇಳುವ ಪುರುಸೊತ್ತು ಇತ್ತು. ನಮ್ಮ ಥಂಡಿಯ ತಿಂಗಳುಗಳಲ್ಲಿ ತೊಗರಿ ಕೊಯ್ಯಬೇಕು, ಬಡಿಯಬೇಕು, ಹಸನು ಮಾಡಬೇಕು. ಬಿಳಿಜೋಳ ಹೊಲದಲ್ಲಿ ನಿಂತಿರುತ್ತದೆ. ಕೈಗೆ ಬಿಡುವಿಲ್ಲ, ಕಣ್ಣಿಗೂ ಇಲ್ಲ. ಖಾಲಿ ಇರುವುದು ಕಿವಿಯೊಂದೇ. ಹಾಗಾಗಿ ನಮ್ಮ ಸೀಮೆಯ ಮನರಂಜನೆಯೆಲ್ಲ ಕಿವಿಗೆ ಹುಟ್ಟಿದ್ದು ಎಂಬುದು ನನ್ನ ಲೆಕ್ಕ. ಹಂತಿಪದ, ಬೀಸುವ ಪದ, ಮೊಹರಂ ಪದ, ಏಕತಾರಿ ದಮ್ಮಡಿ ಹಿಡಿದ ತತ್ವಪದ. ಈ ಲೆಕ್ಕವನ್ನು ಪಂಡಿತರು ಒಪ್ಪಲಿಕ್ಕಿಲ್ಲ. ಮನೆಯಲ್ಲಂತೂ ಅದು ಕೆಲಸ ಮಾಡಿತು.

ಕಲಬುರಗಿ-ಬೀದರ ರೈಲು 2017ರಲ್ಲಿ ಶುರುವಾದ ಮೇಲೆ ಕಮಲಾಪುರದಿಂದ ಬರುವುದು ಹಗುರಾಗಿದೆ. ತಮ್ಮನಿಗೆ ಫೋನ್ ಮಾಡಿ ಕೈಗೆ ಕೆಲಸ ತಾ ಎಂದೆ. ಒಂದು ಚೀಲ ತೊಗರಿಕಾಯಿ, ಶೇಂಗಾ, ಒಂದು ಗೊನೆ ಕೆಂಪು ಬಾಳೆ ತಂದ. ನಮ್ಮೂರಿನ ಕೆಂಪು ಬಾಳೆಗೆ ಜಿಐ ಮಾನ್ಯತೆ ಇದೆ, ಆದರೂ ಊರಿನ ಹೊರಗೆ ಅದನ್ನು ಬಲ್ಲವರು ಕಡಿಮೆ. ಮಂದಿ ಬಣ್ಣ ನೋಡಿ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅಪಾರ್ಟ್‌ಮೆಂಟಿನ ಎದುರು ಮನೆಯವರೂ ಹಾಗೇ ಅಂದುಕೊಂಡರು. ಅವ್ವ ಒಂದು ಹಣ್ಣು ಸುಲಿದು ಕೈಗಿತ್ತಳು. ಮರುದಿನದಿಂದ ಆ ಮನೆಯಾಕೆ ತೊಗರಿ ಬಿಡಿಸಲು ನಮ್ಮಲ್ಲಿಗೇ ಬಂದರು. ಉಪ್ಪು ಹಾಕಿ ಕುದಿಸಿದ ಕಾಯಿ ನಡುವೆ, ಸುತ್ತ ಮೂರು ಮಂದಿ, ಕಿಟಕಿಯಲ್ಲಿ ರೇಡಿಯೊ.

ರೇಡಿಯೊ ಅಂದೆನಲ್ಲ. ಕಲಬುರಗಿ ಆಕಾಶವಾಣಿ 1966ರಿಂದ ಇದೆ, ಅವ್ವನ ಸಂಸಾರದ ಹೆಚ್ಚುಕಡಿಮೆ ಅಷ್ಟೂ ವರ್ಷ. ಮೊಬೈಲಿನಲ್ಲಿ ಕೇಳಿಸಿದರೆ ಒಲ್ಲೆ ಎಂದಳು. ಗುಂಡಿ ತಿರುವುವ ಪೆಟ್ಟಿಗೆಯೇ ಬೇಕು. ಅವಳಿಗೆ ಅತಿ ರುಚಿಸಿದ್ದು ಹಾಡಲ್ಲ, ರೈತರ ಕಾರ್ಯಕ್ರಮ. ಆ ವರ್ಷ ಜಿಲ್ಲೆಯಲ್ಲಿ ತೊಗರಿಗೆ ನೆಟೆ ರೋಗ ಬಿದ್ದು ಹೂ ಕಾಯಿ ಹಿಡಿದ ಬೆಳೆ ನಿಂತಲ್ಲೇ ಒಣಗಿತ್ತು. ನಮ್ಮ ಹೊಲದಲ್ಲೂ ಅರ್ಧ ಹೋಗಿತ್ತು. ತಜ್ಞರು ಔಷಧದ ಅಳತೆ ಹೇಳುವಾಗ ಅವ್ವ ರೇಡಿಯೊದ ಜೊತೆ ವಾದಕ್ಕೆ ಬೀಳುತ್ತಿದ್ದಳು: ಪ್ರತಿ ವರ್ಷ ಅದೇ ಹೊಲಕ್ಕೆ ಅದೇ ತೊಗರಿ ಹಾಕಿದರೆ ಭೂಮಿ ಏನು ಮಾಡೀತು? ಸ್ವಲ್ಪ ಹೊತ್ತಿಗೆ ತಜ್ಞರೂ ಬೆಳೆ ಬದಲಿಸಿ ಎಂದರು. ಆ ದಿನ ಅವಳು ಎರಡು ರೊಟ್ಟಿ ಉಂಡಳು.

ಓದಿ ಹೇಳುವ ಕೆಲಸದಲ್ಲಿ ನಾನು ಮಾಸ್ತರಳಾಗಿ ಸೋತೆ. ವಚನ ತೆಗೆದುಕೊಂಡು, ತಾತ್ಪರ್ಯ, ಹಿನ್ನೆಲೆ, ಶರಣರ ಕಾಲ ಎಂದು ಶುರುಮಾಡಿದೆ. ಅವ್ವ ನಿದ್ದೆ ಹೋದಳು. ಅದೇ ವಚನಗಳನ್ನು ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ದನಿಯಲ್ಲಿ ಹಚ್ಚಿದಾಗ ಎದ್ದು ಕೂತಳು. ತಾತ್ಪರ್ಯ ಯಾರೂ ಕೇಳಲಿಲ್ಲ. ಆಮೇಲೆ ಗೀತಾ ನಾಗಭೂಷಣರ ‘ಬದುಕು’ ಹಿಡಿದೆ. ಅವರು ನಮ್ಮ ಜಿಲ್ಲೆಯ ಸಾವಳಗಿಯವರು. ಈ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು, 2010ರ ಗದಗ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಇದನ್ನೆಲ್ಲ ಅವ್ವನಿಗೆ ಹೇಳಿ ಪ್ರಯೋಜನವಿರಲಿಲ್ಲ. ಅವಳಿಗೆ ಹಿಡಿಸಿದ್ದು ಅದರ ಮಾತು. ದಿನಕ್ಕೆ ಎಂಟು-ಹತ್ತು ಪುಟ, ಕಾಳು ಬಿಡಿಸುವಷ್ಟು ಹೊತ್ತು. ನಾನು ಎಲ್ಲಾದರೂ ಪುಸ್ತಕದ ದನಿಯಲ್ಲಿ ಓದಿದರೆ ತಡೆಯುತ್ತಿದ್ದಳು: “ಹಂಗ ಯಾರೂ ಬೈಯಂಗಿಲ್ಲ, ಸರಿಯಾಗಿ ಬೈ.” ನನ್ನ ವೃತ್ತಿಯಲ್ಲಿ ಯಾವ ಇನ್‌ಸ್ಪೆಕ್ಟರೂ ಅಷ್ಟು ಚೊಕ್ಕವಾಗಿ ತಿದ್ದಿರಲಿಲ್ಲ. ಎದುರು ಮನೆಯಾಕೆ ಬರದ ದಿನ ಓದುವಂತಿಲ್ಲ ಎಂಬ ಕಾಯಿದೆಯೂ ಬಂತು.

ಸಿನಿಮಾದಲ್ಲಿ ಗೆದ್ದದ್ದು ಒಂದೇ, ಅದೂ ನಾನು ಹೆದರಿ ಹೆದರಿ ಹಚ್ಚಿದ್ದು. ಗಿರೀಶ ಕಾಸರವಳ್ಳಿಯವರ ‘ಕನಸೆಂಬೊ ಕುದುರೆಯನೇರಿ’, 2010ರದು, ಅಮರೇಶ ನುಗಡೋಣಿಯವರ ‘ಸವಾರಿ’ ಆಧರಿಸಿದ್ದು. ಕುಣಿ ತೋಡುವ ಈರ್ಯಾನ ಕಥೆ. ಕನಸಿನಲ್ಲಿ ಸಿದ್ಧ ಕಂಡರೆ ಊರಲ್ಲಿ ಸಾವು ಎಂದು ಅವನ ನಂಬಿಕೆ. ಈರ್ಯಾ ಆದವರು ಬೀದರ ಜಿಲ್ಲೆಯ ವೈಜನಾಥ ಬಿರಾದಾರ. ಎಲುಬು ಮುರಿದು ಮಲಗಿದ ಮುದುಕಿಗೆ ಕುಣಿ ತೋಡುವವನ ಸಿನಿಮಾ ತೋರಿಸುವುದೇ ಎಂದು ಮನೆಯವರು ಬೈದರು. ಅವ್ವ ಪೂರ್ತಿ ನೋಡಿದಳು, ಶೇಂಗಾ ಸುಲಿಯುತ್ತ. ಗೌಡರ ವಾಡೆಯಲ್ಲಿ ಯಾರೂ ಸತ್ತಿಲ್ಲ ಎಂದು ಈರ್ಯಾನನ್ನು ಸುಳ್ಳನನ್ನಾಗಿ ಮಾಡಿದಾಗ ಸಿಟ್ಟಾದಳು. “ಅವನ ಕನಸು ಸುಳ್ಳಾಗಂಗಿಲ್ಲ, ವಾಡೇದವ್ರೇ ಸುಳ್ಳರು.” ಮುಗಿದ ಮೇಲೆ ನನ್ನ ಮುಖ ನೋಡಿ ಕೇಳಿದಳು: “ನೀ ಯಾಕ ಅಂಜಿದ್ದಿ? ನನ್ನ ಕನಸಿನ್ಯಾಗ ಇನ್ನಾ ಯಾರೂ ಬಂದಿಲ್ಲ.”

ಡಿಸೆಂಬರ್ 23, ಎಳ್ಳಮಾವಾಸ್ಯೆ. ಆ ದಿನ ನಮ್ಮ ಊರುಗಳಲ್ಲಿ ಮನೆಗಳಿಗೆ ಬೀಗ. ಕಲಬುರಗಿಯ ರಸ್ತೆಗಳೂ ಬಣಬಣ. ಎಲ್ಲರೂ ಹೊಲದಲ್ಲಿ. ಬಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ ಕಟ್ಟಿಕೊಂಡು ಹೋಗಿ, ಬೆಳೆಗೆ ಚರಗ ಚೆಲ್ಲಿ, ಮರದ ನೆರಳಲ್ಲಿ ಊಟ. ಅವ್ವನಿಗೆ ನೆನಪಿದ್ದಂತೆ ಅದು ತಪ್ಪಿದ ಮೊದಲ ವರ್ಷ. ಬಾಲ್ಕನಿಯ ಕುಂಡಗಳಿಗೇ ಚರಗ ಚೆಲ್ಲೋಣ ಎಂದು ನಾನು ಜಾಣತನ ತೋರಿದೆ. ಅವಳು ನೋಡಿದ ನೋಟಕ್ಕೆ ತುಳಸಿಯೂ ಬಾಡಬೇಕು. ತಮ್ಮ ಹೊಲದಿಂದ ವಿಡಿಯೊ ಕಾಲ್ ಮಾಡಿದ. ಚಿತ್ರ ನಿಂತು ನಿಂತು ಬರುತ್ತಿತ್ತು. ಅವ್ವ ಫೋನನ್ನು ಕಣ್ಣೆದುರಿನಿಂದ ತೆಗೆದು ಕಿವಿಗೆ ಹಿಡಿದಳು. ಒಣಗಿದ ಸಾಲು, ಹಸಿರುಳಿದ ಸಾಲು, ಎರಡಕ್ಕೂ ಕೂಗಿ ಚರಗ ಚೆಲ್ಲುತ್ತಿದ್ದ ತಮ್ಮನ ದನಿ ನನಗೂ ಕೇಳಿಸುತ್ತಿತ್ತು. ಬಜ್ಜಿಗೆ ಬೇಕಾದ ಅವರೆ, ತೊಗರಿ, ಕಡಲೆ ಎಲ್ಲವನ್ನೂ ಹಿಂದಿನ ರಾತ್ರಿ ಅವಳೇ ಬಿಡಿಸಿದ್ದಳಲ್ಲ, ಊಟದ ಹೊತ್ತಿಗೆ ಸಮಾಧಾನವಾಗಿದ್ದಳು.

ಕ್ರಿಸ್‌ಮಸ್ ರಜೆಗೆ ಬಂದ ಮೊಮ್ಮಗ ಹನ್ನೆರಡರ ಹುಡುಗ. ಅವನು ಒಂದು ಮೂಲೆ, ಮೊಬೈಲು ಅವನ ಕೈಲಿ. ಅವ್ವ ಅವನನ್ನು ಕರೆದು ಸೀಮೆಸುಣ್ಣದಿಂದ ಒಂದು ಫರ್ಸಿಯ ಮೇಲೆ ಐದೈದು ಮನೆ ಬರೆಸಿದಳು. ಕವಡೆ ಇರಲಿಲ್ಲ, ನಾಲ್ಕು ಹುಣಸೆ ಬೀಜ ಒಂದು ಬದಿ ತಿಕ್ಕಿ ಬಿಳಿ ಮಾಡಿದರೆ ಆಯಿತು. ನಾಲ್ಕೂ ಬಿಳಿ ಬಿದ್ದರೆ ಚೌಕಾ, ನಾಲ್ಕೂ ಕಪ್ಪಾದರೆ ಬಾರಾ ಎಂದು ಎಂಟು. ಚೌಕಾಬಾರಾದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ. ಹುಡುಗ ಮೊದಲ ಮೂರು ದಿನ ಕಟ್ಟೆಮನೆಯಿಂದ ಕಟ್ಟೆಮನೆಗೆ ಹೆದರಿ ಹಾರುತ್ತ ಸೋತ. ನಾಲ್ಕನೇ ದಿನ ಅಜ್ಜಿಯ ಕಾಯಿ ಹೊಡೆದು ಮನೆಯೆಲ್ಲ ಕುಣಿದ. ಅವ್ವ ಬೇಕಂತಲೇ ಬಿಟ್ಟುಕೊಟ್ಟಳೆಂದು ನಾನು ಅಂದುಕೊಂಡೆ. ಕೇಳಿದರೆ, “ನಾ ಯಾಕ ಬಿಡ್ಲಿ? ಬಾರಾ ಬಿದ್ದಿತ್ತು ಅವಂಗ” ಎಂದು ಮೋರೆ ಗಂಟು ಹಾಕಿದಳು.

ಜನವರಿ 2ರ ರಾತ್ರಿ ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು ಹೋದರು. ಆಮೇಲೆ ಎಷ್ಟೋ ದಿನ ಬೆಳಿಗ್ಗೆ ಅವರ ಹಳೆಯ ಪ್ರವಚನ ಹಚ್ಚುವುದೇ ಮೊದಲ ಕೆಲಸ. ಆ ಮೆಲ್ಲಗಿನ ದನಿಗೆ ಹೊಲಿಗೆಯ ಓಟ ಸರಿಹೊಂದುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಏಕೆಂದರೆ ಅಷ್ಟೊತ್ತಿಗೆ ಕೌದಿ ಅರ್ಧ ಆಗಿತ್ತು.

ಕೌದಿಯ ಮಾತು ಮೊದಲೇ ಹೇಳಬೇಕಿತ್ತು. ನವೆಂಬರ್ ಕೊನೆಯಲ್ಲಿ ನನ್ನ ಕಪಾಟಿನಿಂದ ಹಳೆಯ ಕಾಟನ್ ಸೀರೆ ಏಳು ತೆಗೆಸಿದ್ದಳು. ಶಾಲೆಗೆ ಉಟ್ಟವು, ಒಂದೊಂದರ ಮೇಲೂ ಸುಣ್ಣದ ಪುಡಿಯ ವಾಸನೆ. ಅಂಚಿನಿಂದ ಒಳಕ್ಕೆ ಸಾಲು ಸಾಲು ಹೊಲಿಗೆ, ಸೂಜಿಗೆ ದಾರ ಪೋಣಿಸುವುದು ನನ್ನ ಪಾಲು. ರೇಡಿಯೊ, ‘ಬದುಕು’, ಕಡಕೋಳ ಮಡಿವಾಳಪ್ಪನ ಪದ, ಪ್ರವಚನ ಎಲ್ಲವೂ ಆ ಹೊಲಿಗೆಯೊಳಗೇ ನಡೆದವು. ಯಾವ ಸಾಲು ಯಾವ ಅಧ್ಯಾಯಕ್ಕೆ ಎಂದು ಅವಳಿಗೆ ಗೊತ್ತಿತ್ತು, ಬೆರಳಿಟ್ಟು ತೋರಿಸುತ್ತಿದ್ದಳು.

ಕೊನೆಯ ಮೂಲೆಯಲ್ಲಿ ಒಂದು ಚೂರು ಹೋಳಿಗೆ ಇಟ್ಟು ಹೊಲಿದಳು, ಕೌದಿ ಹಸಿದಿರಬಾರದೆಂದು. ಅಷ್ಟರಲ್ಲಿ ಫೆಬ್ರವರಿ ನಡುಭಾಗ ದಾಟಿತ್ತು. ನಡೆಯಲು ಬರುತ್ತಿತ್ತು, ಡಾಕ್ಟರು ಹೂಂ ಎಂದಿದ್ದರು, ತಮ್ಮ ಕರೆದೊಯ್ಯಲು ಬಂದಿದ್ದ. ಕೌದಿ ಮಡಚಿ ನನ್ನ ಮಂಚದ ಮೇಲಿಟ್ಟಳು. ಹೊದ್ದುಕೊಳ್ಳುವ ಹಾಗಿರಲಿಲ್ಲ, ಮೇಲೆ ಫ್ಯಾನ್ ತಿರುಗುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದಳು: “ಬರೋ ಥಂಡ್ಯಾಗ ನೀನೇ ಕಮಲಾಪುರಕ್ಕ ಬಾ. ಸೀರಿ ಜೋಡ್ಸಿ ಇಟ್ಕೋ. ಪುಸ್ತಕ ಉದ್ದಂದು ತಾ.”