ಐಡಿಗಿಂತ ಸ್ಕ್ವಾಡ್ ದೊಡ್ಡದು

ಇನ್ನು ಮುಂದೆ ಆಡಿದರೆ ಬಿಜಿಎಂಐ ಒಂದೇ, ಬೇರೆ ಯಾವ ಗೇಮೂ ಬೇಡ ಅಂತ ನಿರ್ಧರಿಸಿದ್ದೀಯಲ್ಲ ತಮ್ಮಾ, ನನಗದು ಸರಿ ಅನ್ನಿಸುತ್ತದೆ. ವಾರಕ್ಕೊಂದು ಗೇಮ್ ಇಳಿಸಿ ಅಳಿಸುವವನಿಗೆ ಯಾವುದೂ ಕೈಹತ್ತುವುದಿಲ್ಲ. ಎರಂಗೆಲ್ ಮ್ಯಾಪಿನಲ್ಲಿ ಎಲ್ಲಿ ಇಳಿದರೆ ಗನ್ ಬೇಗ ಸಿಗುತ್ತದೆ, ಕೊನೆಯ ಝೋನ್ ಬಯಲಲ್ಲಿ ಬಿದ್ದರೆ ಕೈಯಲ್ಲಿ ಎಷ್ಟು ಸ್ಮೋಕ್ ಇರಬೇಕು ಎಂಬುದೆಲ್ಲ ಬಹಳ ಕಾಲ ಆಡಿದವನಿಗೇ ಗೊತ್ತು.

ಆದರೆ ಈ ಗೇಮ್ ನಡೆದು ಬಂದ ದಾರಿಯನ್ನೂ ನೆನಪಿಡು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. 2021ರ ಜುಲೈನಲ್ಲಿ ಬಿಜಿಎಂಐ ಹೆಸರಲ್ಲಿ ಮರಳಿತು, ಮರುವರ್ಷದ ಜುಲೈನಲ್ಲಿ ಆ್ಯಪ್ ಸ್ಟೋರ್‌ಗಳಿಂದ ಮತ್ತೆ ಮಾಯವಾಯಿತು, 2023ರ ಮೇ ತಿಂಗಳಲ್ಲಿ ತಿರುಗಿ ಬಂತು. 2021ರಲ್ಲಿ ಬಿಜಿಎಂಐ ಬಂದಾಗ ಪಬ್‌ಜಿಯ ಹಳೆಯ ಐಡಿಯಲ್ಲಿದ್ದುದನ್ನು ಹೊಸದಕ್ಕೆ ತಂದುಕೊಳ್ಳಲು ಕಂಪನಿ ಅವಕಾಶ ಕೊಟ್ಟಿತು. ಪ್ರತಿಸಲವೂ ಕೊಡುತ್ತದೆ ಅಂತ ನಂಬಿ ಕೂರಬೇಡ. ಗೇಮಿನ ನಾಣ್ಯ ಯುಸಿ ಹಾಕಿ ಕೊಂಡ ಸ್ಕಿನ್ ಇರುವುದು ಅವರ ಸರ್ವರಿನಲ್ಲಿ, ಸರ್ವರ್ ಮುಚ್ಚಿದರೆ ಅದೂ ಹೋಯಿತು. ರಾಯಲ್ ಪಾಸ್ ಬೇಕೆನಿಸಿದರೆ ನಿನ್ನ ಸ್ವಂತ ದುಡ್ಡಿನಲ್ಲಿ, ಆಡುವ ಖುಷಿಗೆ ಕೊಟ್ಟ ಬೆಲೆ ಅಂತ ತೆಗೆದುಕೋ. ಕ್ರೇಟ್ ತೆರೆಯುವ ಚಟ ಮಾತ್ರ ಬೇಡ. ಅಲ್ಲಿ ಏನು ಸಿಕ್ಕೀತು ಎಂಬುದು ಬರೀ ಅದೃಷ್ಟ, ಜೇಬಿನಿಂದ ಹೋಗುವುದು ಮಾತ್ರ ಖಾತ್ರಿ.

ಕ್ಲಾಸಿಕ್ ಮ್ಯಾಚ್ ಕೊನೆತನಕ ಹೋದರೆ ಹೆಚ್ಚುಕಡಿಮೆ ಅರ್ಧ ಗಂಟೆ. ನಡುವೆ ನಿಲ್ಲಿಸುವ ಹಾಗಿಲ್ಲ, ನೀನೆದ್ದು ಹೋದರೆ ಉಳಿದ ಮೂವರು ಸಿಕ್ಕಿಬೀಳುತ್ತಾರೆ. ಊಟಕ್ಕೆ ಎಷ್ಟು ಹೊತ್ತಿದೆ ಅಂತ ಅಮ್ಮನನ್ನು ಮೊದಲೇ ಕೇಳು. ಅರ್ಧ ಗಂಟೆ ಇಲ್ಲವೆಂದರೆ ಸ್ಟಾರ್ಟ್ ಒತ್ತಬೇಡ. ಸೀಸನ್ ಬದಲಾದಾಗ ರ್‍ಯಾಂಕ್ ಹೇಗೂ ಕೆಳಗಿಳಿಯುತ್ತದೆ, ಹಾಗಾಗಿ ಪರೀಕ್ಷೆ ಬಂದಾಗ ಒಂದು ಸೀಸನ್ ಬಿಟ್ಟರೆ ಮುಳುಗುವುದೇನೂ ಇಲ್ಲ.

ನನಗೆ ಮುಖ್ಯ ಅನ್ನಿಸುವುದು ಜೊತೆಗಾರರ ವಿಷಯ. ನಾರ್ವೆಯಲ್ಲಿ ಮಾಟ್ಸ್ ಸ್ಟೀನ್ ಅಂತ ಒಬ್ಬ ಯುವಕನಿದ್ದ. ಸ್ನಾಯು ಕ್ಷೀಣಿಸುವ ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದವನು, ವರ್ಷಗಟ್ಟಲೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಗೇಮ್ ಆಡಿದ. 2014ರಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ಪಾಪ, ಮಗ ಒಂಟಿಯಾಗಿಯೇ ಬದುಕಿದ ಅಂತ ಅಪ್ಪ ಅಮ್ಮ ಕೊರಗಿದ್ದರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದ ಮೇಲೆ ಗೇಮಿನ ಗೆಳೆಯರಿಂದ ಒಂದರ ಹಿಂದೊಂದು ಪತ್ರ ಬಂದವು, ಕೆಲವರು ಬೇರೆ ದೇಶಗಳಿಂದ ಅಂತ್ಯಕ್ರಿಯೆಗೇ ಬಂದರು. ಅವರೆಲ್ಲ ಬರೆದದ್ದು ಅವನ ಲೆವೆಲ್ ಬಗ್ಗೆ ಅಲ್ಲ, ತಮ್ಮ ಕಷ್ಟವನ್ನು ಅವನು ಹೇಗೆ ಕೇಳಿಸಿಕೊಂಡ ಎಂಬುದರ ಬಗ್ಗೆ.

ಧ್ವನಿಯನ್ನಷ್ಟೇ ಕೇಳಿದವರಿಗೆ ಪಾಸ್‌ವರ್ಡ್, ಒಟಿಪಿ ಯಾವತ್ತೂ ಹೇಳಬೇಡ. ಆದರೆ ಎರಡು ವರ್ಷದಿಂದ ನಿನ್ನನ್ನು ರಿವೈವ್ ಮಾಡುತ್ತಾ ಬಂದ ಆ ಹುಬ್ಬಳ್ಳಿ ಹುಡುಗ ಹದಿನೈದು ದಿನದಿಂದ ಆನ್‌ಲೈನ್ ಬಂದಿಲ್ಲ ಅಂದೆಯಲ್ಲ, ಅವನ ಫೋನ್ ನಂಬರ್ ನಿನ್ನ ಹತ್ತಿರ ಇದೆಯೇನು?