ಮದ್ದು ಬೀಸುವ ಕಲ್ಲು ಮತ್ತು ಅರ್ಧ ಗ್ರಾಂ ಸೀಸ

ಎನ್‌ಸಿಸಿ ಶಿಬಿರ ಮುಗಿಸಿ ಬಂದ ಹೊಳಲ್ಕೆರೆ ಕಡೆಯ ವಿದ್ಯಾರ್ಥಿಯೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ: "ಸರ್, ಅಷ್ಟು ದಿನ ಕಾದಿದ್ದಕ್ಕೆ ಐದೇ ಗುಂಡು ಸಿಕ್ಕಿದ್ದು. ಖಾಲಿ ಖೋಖಾನೂ ಎಣಿಸಿ ವಾಪಸ್ ತಗೊಂಡ್ರು. ಅದಕ್ಕೇ ಮತ್ತೆ ಮದ್ದು ತುಂಬಿದರೆ ಆಗಲ್ವಾ? ಅಮೆರಿಕದಲ್ಲಿ ಮನೇಲೇ ತುಂಬ್ತಾರೆ, ವಿಡಿಯೊ ನೋಡಿದೆ." ಪ್ರಶ್ನೆ ತಪ್ಪಲ್ಲ. ಗುರಿ ಹೊಡೆಯುವ ಆಟ ದುಡ್ಡಿದ್ದವರದು ಎಂಬ ಬೇಸರ ಅದರ ಹಿಂದೆ ಇತ್ತು. ಅವನಿಗೆ ಆ ದಿನ ಅರ್ಧ ಉತ್ತರ ಕೊಟ್ಟಿದ್ದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉತ್ತರ ನಮ್ಮ ಊರಿನಿಂದಲೇ ಶುರುವಾಗುತ್ತದೆ. ಚಿತ್ರದುರ್ಗದ ಕೋಟೆ ಹತ್ತಿದವರೆಲ್ಲ ಆಳವಾದ ಹೊಂಡದೊಳಗಿನ ನಾಲ್ಕು ದೊಡ್ಡ ಮದ್ದು ಬೀಸುವ ಕಲ್ಲುಗಳನ್ನು ನೋಡಿರುತ್ತೀರಿ. ಹೆಚ್ಚಿನವರು ಅಲ್ಲಿ ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಇದ್ದಿಲು, ಗಂಧಕ, ಪೆಟ್ಲುಪ್ಪು ಮೂರನ್ನೂ ಬರೀ ಬೆರೆಸಿದರೆ ಸಾಲದೇ, ಅಷ್ಟು ಭಾರದ ಕಲ್ಲು ಏಕೆ ಬೇಕಿತ್ತು? ಪೆಟ್ಲುಪ್ಪು ಆಮ್ಲಜನಕ ಕೊಡುತ್ತದೆ, ಇದ್ದಿಲು ಮತ್ತು ಗಂಧಕ ಉರಿಯುತ್ತವೆ. ಕಣಗಳು ದಪ್ಪವಾಗಿದ್ದು ಒಂದರ ಪಕ್ಕ ಒಂದು ಸರಿಯಾಗಿ ಕೂರದಿದ್ದರೆ ಒಂದು ಹಿಡಿ ಮದ್ದು ಭರ್ರೆಂದು ಉರಿಯುತ್ತದೆ, ಇನ್ನೊಂದು ಹಿಡಿ ಹೊಗೆಯಾಡುತ್ತದೆ. ಪ್ರತಿ ಸಲವೂ ಒಂದೇ ರೀತಿ ಉರಿಯಬೇಕು ಎನ್ನುವುದಕ್ಕೇ ಅಷ್ಟು ಬೀಸುವ ಶ್ರಮ. 1779ರಲ್ಲಿ ಈ ಕೋಟೆ ಹೈದರ್ ಅಲಿಯ ವಶವಾದ ಕಾಲದ ಫಿರಂಗಿಯವನಿಗೂ ಇಂದಿನ ಒಲಿಂಪಿಕ್ ಶೂಟರ್‌ಗೂ ಬೇಕಾದದ್ದು ಒಂದೇ: ನಿನ್ನೆಯ ಗುಂಡಿನಂತೆಯೇ ಇಂದಿನ ಗುಂಡೂ ಹೋಗಬೇಕು.

ವಿದೇಶದ ಶೂಟರ್‌ಗಳು ಕಾಡತೂಸನ್ನು ಮರುತುಂಬಿಸುವುದು ಇದಕ್ಕೇ. ಕಾಡತೂಸಿನಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೋಶ, ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಮುಂದಿನ ಗುಂಡು. ದುಬಾರಿಯಾದದ್ದು ಹಿತ್ತಾಳೆ, ಅದೇ ಹಾರಿದ ಮೇಲೂ ಉಳಿಯುತ್ತದೆ. ಹಾಗಾಗಿ ಉಳಿತಾಯವೂ ಆಯಿತು, ಪ್ರತಿಯೊಂದನ್ನೂ ಒಂದೇ ಅಳತೆಗೆ ತರುವ ಅವಕಾಶವೂ ಆಯಿತು. ಆದರೆ ನಮ್ಮ ಹುಡುಗನ ಕೈಯಲ್ಲಿದ್ದದ್ದು .22 ರೈಫಲ್. ಅದರ ಕಾಡತೂಸಿಗೆ ಪ್ರತ್ಯೇಕ ಪ್ರೈಮರ್ ಇಲ್ಲ. ಕಿಡಿಯ ರಾಸಾಯನಿಕ ಹಿಂಬದಿಯ ಅಂಚಿನ ಟೊಳ್ಳಿನಲ್ಲೇ ಇರುತ್ತದೆ, ಸೂಜಿ ಆ ಅಂಚನ್ನು ಜಜ್ಜಿದಾಗ ಸಿಡಿಯುತ್ತದೆ. ಜಜ್ಜಿದ ಅಂಚು ಮತ್ತೆ ಕೆಲಸಕ್ಕೆ ಬಾರದು. ಅಲ್ಲಿಗೆ ಆ ಮಾತು ಮುಗಿಯಿತು.

ಬೇರೆ ಕಾಡತೂಸಾದರೆ? 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ವಿಡಿಯೊದಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಇನ್ನೊಂದು ಮಾತು: ಪುಟ್ಟ .22 ಕಾಡತೂಸಿನೊಳಗೇ ಒತ್ತಡ ಕಾರಿನ ಟೈರಿನ ಗಾಳಿಯ ಸುಮಾರು ಏಳು ನೂರು ಪಟ್ಟು ಏರುತ್ತದೆ, ಅದೂ ನಿಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ. ತುಂಬುವುದರಲ್ಲಿ ಒಂದು ತಪ್ಪಾದರೆ ಹೋಗುವುದು ಅಂಕವಲ್ಲ, ಕಣ್ಣು.

ಈಗ ಲೆಕ್ಕಕ್ಕೆ ಬರೋಣ. .22 ಗುಂಡಿನ ವೇಗ ಸೆಕೆಂಡಿಗೆ 330 ಮೀಟರ್ ಎಂದುಕೊಳ್ಳಿ, ಗುರಿ 50 ಮೀಟರ್ ದೂರದಲ್ಲಿದೆ, ಗಾಳಿಯ ತಡೆ ಬಿಟ್ಟುಬಿಡಿ. ತಲುಪಲು 0.15 ಸೆಕೆಂಡು. ಅಷ್ಟರಲ್ಲಿ ಗುರುತ್ವ ಅದನ್ನು ಸುಮಾರು 11 ಸೆಂಟಿಮೀಟರ್ ಕೆಳಗೆ ಎಳೆಯುತ್ತದೆ. ಸೈಟ್ ಹೊಂದಿಸಿದರೆ ಈ ಬೀಳುವಿಕೆ ಸರಿಹೋಗುತ್ತದೆ, ಸಮಸ್ಯೆ ಅದಲ್ಲ. ಮುಂದಿನ ಗುಂಡು 320ರಲ್ಲಿ ಹೋದರೆ? ಇನ್ನೂ 7 ಮಿಲಿಮೀಟರ್ ಕೆಳಗೆ. 50 ಮೀಟರ್ ರೈಫಲ್ ಗುರಿಯ ಹತ್ತರ ವೃತ್ತದ ವ್ಯಾಸವೇ 10.4 ಮಿಲಿಮೀಟರ್. ಕೈ ಅಲುಗದೆ ಇದ್ದರೂ ಅಂಕ ಹೋಯಿತು.

ಇನ್ನು ನಮ್ಮ ಕೈಗೆ ಎಟುಕುವ 10 ಮೀಟರ್ ಏರ್ ರೈಫಲ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ. ಮದ್ದು ಇಲ್ಲ, ಗಾಳಿಯ ಒತ್ತಡ ಮಾತ್ರ. 4.5 ಮಿಲಿಮೀಟರ್‌ನ ಸೀಸದ ಪೆಲೆಟ್, ತೂಕ ಸುಮಾರು ಅರ್ಧ ಗ್ರಾಂ. ಹತ್ತರ ಚುಕ್ಕಿ ಬರೀ ಅರ್ಧ ಮಿಲಿಮೀಟರ್! ಇಲ್ಲಿ ಅಗ್ಗದ ಡಬ್ಬಿಯನ್ನೇ ನಿಖರವಾಗಿಸಿಕೊಳ್ಳುವ ದಾರಿ ಇದೆ, ಅದಕ್ಕೆ ಪರವಾನಗಿ ಬೇಡ, ನಮ್ಮ ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿ ಸಾಕು.

ಒಂದು ಪೆಲೆಟ್ 0.52 ಗ್ರಾಂ, ಇನ್ನೊಂದು 0.54 ಎಂದುಕೊಳ್ಳಿ. ಗಾಳಿ ಎರಡಕ್ಕೂ ಒಂದೇ ಚಲನಶಕ್ತಿ ಕೊಟ್ಟರೆ, ಶೇಕಡಾ 4ರಷ್ಟು ತೂಕ ಹೆಚ್ಚಾದದ್ದರ ವೇಗ ಶೇಕಡಾ 2ರಷ್ಟು ಕಡಿಮೆ. ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಪೆಲೆಟ್ 16 ಮಿಲಿಮೀಟರ್ ಬೀಳುತ್ತದೆ, ಭಾರದ್ದು ಅದಕ್ಕಿಂತ 0.6 ಮಿಲಿಮೀಟರ್ ಹೆಚ್ಚು. ಚಿಕ್ಕದು, ಆದರೆ ಅರ್ಧ ಮಿಲಿಮೀಟರ್ ಚುಕ್ಕಿಯ ಎದುರು ಚಿಕ್ಕದಲ್ಲ. ಆದ್ದರಿಂದ ಡಬ್ಬಿಯಿಂದ ಐವತ್ತು ಪೆಲೆಟ್ ತೆಗೆದು ಒಂದೊಂದನ್ನೂ ಮಿಲಿಗ್ರಾಂವರೆಗೆ ತೂಗಿ, ಬರೆದುಕೊಳ್ಳಿ, ಸರಾಸರಿ ಮತ್ತು ಮಾನಕ ವಿಚಲನೆ ತೆಗೆಯಿರಿ. ಪ್ರಥಮ ಪಿಯು ಗಣಿತದಲ್ಲಿ "ಇದು ಎಲ್ಲಿ ಉಪಯೋಗ ಸರ್" ಎಂದು ಕೇಳುತ್ತೀರಲ್ಲ, ಇಲ್ಲಿ. ಹಿಂಬದಿಯ ತೆಳು ಅಂಚು ಸೊಟ್ಟಗಾದವನ್ನು ಮೊದಲೇ ಬೇರೆ ಇಡಿ, ಅವು ಗಾಳಿಯನ್ನು ಸಮನಾಗಿ ತಡೆಯುವುದಿಲ್ಲ. ಒಂದೇ ತೂಕದವು ಅಂಕ ಬರೆಯುವ ದಿನಕ್ಕೆ, ಉಳಿದವು ಕೈ ಪಳಗಿಸಲು. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಟಿಫಿನ್ ಡಬ್ಬಿ ತೆರೆಯಬೇಡಿ.

ಇಷ್ಟೆಲ್ಲ ಹೇಳಿ ಇನ್ನೊಂದು ಲೆಕ್ಕ ಮುಚ್ಚಿಟ್ಟರೆ ಮೋಸವಾದೀತು. ರೈಫಲ್‌ನ ಹಿಂದಿನ ಸೈಟ್‌ಗೂ ಮುಂದಿನದಕ್ಕೂ ಮುಕ್ಕಾಲು ಮೀಟರ್ ಅಂತರ ಇದ್ದು, ಮುಂದಿನದು 0.1 ಮಿಲಿಮೀಟರ್ ಸರಿದರೆ, ಅಂದರೆ ಒಂದು ಹಾಳೆಯ ದಪ್ಪದಷ್ಟು, ಹತ್ತು ಮೀಟರಿನಲ್ಲಿ ಪೆಲೆಟ್ 1.3 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ತೂಕದ ವ್ಯತ್ಯಾಸ ತಂದ ತಪ್ಪಿನ ಎರಡು ಪಟ್ಟು! ಟ್ರಿಗರ್ ಎಳೆಯುವಾಗ ಹೊಸಬರ ಬೆರಳು ಇದಕ್ಕಿಂತ ಹೆಚ್ಚೇ ಅಲುಗಿಸುತ್ತದೆ. ಅದಕ್ಕೇ ದೊಡ್ಡ ಶೂಟರ್‌ಗಳೂ ಗುಂಡಿಲ್ಲದ ಅಭ್ಯಾಸಕ್ಕೆ ಗಂಟೆಗಟ್ಟಲೆ ಕೊಡುತ್ತಾರೆ: ನಿಲುವು, ಉಸಿರು, ಸೈಟ್, ಟ್ರಿಗರ್, ಮತ್ತೆ ಮೊದಲಿನಿಂದ. ಖರ್ಚು ಸೊನ್ನೆ. ಆದರೆ ಎಲ್ಲ ರೈಫಲ್‌ನಲ್ಲೂ ಹೀಗೆ ಮಾಡುವಂತಿಲ್ಲ. ಸ್ಪ್ರಿಂಗ್ ಏರ್‌ಗನ್ ಅನ್ನು ಪೆಲೆಟ್ ಇಲ್ಲದೆ ಹಾರಿಸಿದರೆ ಪಿಸ್ಟನ್ ಜಜ್ಜಿಹೋಗುತ್ತದೆ. .22ರಲ್ಲಿ ಸೂಜಿ ನಳಿಗೆಯ ಅಂಚಿಗೆ ಬಡಿಯಬಹುದು, ತರಬೇತುದಾರರನ್ನು ಕೇಳದೆ ಕೈ ಹಾಕಬೇಡಿ. ಖಾಲಿ ಎಂದು ಕಂಡ ರೈಫಲ್ ಅನ್ನೂ ತುಂಬಿದೆ ಎಂದೇ ಹಿಡಿಯಬೇಕು.

ನಮ್ಮ ಹುಡುಗನ ಐದು ಗುಂಡುಗಳ ಕಾಗದ ನೋಡಿದೆ. ನಾಲ್ಕು ತೂತು ಎರಡು ರೂಪಾಯಿ ನಾಣ್ಯದೊಳಗೆ, ಐದನೆಯದು ದೂರ ಕೆಳಗೆ ಬಲಕ್ಕೆ. "ಅದು ಗುಂಡಿನದೇ ತಪ್ಪು ಸರ್" ಎಂದ. ಕೊನೆಯ ಗುಂಡಿಗೆ ಟ್ರಿಗರ್ ಹೇಗೆ ಎಳೆದೆ ಎಂದು ಕೇಳಿದಾಗ ನಕ್ಕು ತಲೆ ಕೆರೆದುಕೊಂಡ.

ತೂಕ ನೋಡಬೇಕೆನ್ನುವವರು, ಹಿರಿಯೂರು ಹೊಸದುರ್ಗದ ಬಸ್ಸಿಗೆ ಅವಸರ ಇಲ್ಲದ ದಿನ, ತರಗತಿ ಮುಗಿದ ಮೇಲೆ ಲ್ಯಾಬಿಗೆ ಬನ್ನಿ. ಪೆಲೆಟ್ ಡಬ್ಬಿ, ನೋಟ್‌ಬುಕ್, ಚಿಮ್ಮಟ ತನ್ನಿ. ರೈಫಲ್ ಕಾಲೇಜಿಗೆ ತರಬೇಡಿ.